ಕೆಂಪು ನೆಲ, 500 ಮಿ.ಮೀ. ಮಳೆ: ಸೂಪರ್ ನೇಪಿಯರ್ ಹಾಕಲಾ, ಸಿಒ-4 ಹಾಕಲಾ?

ಮೇವಿಗೆ ಈ ಎರಡರಲ್ಲಿ ಯಾವುದು ಅಂತ ಕೇಳಿದ್ದೀರಿ. ಎರಡೂ ನೇಪಿಯರ್ ಅನ್ನೋ ಎತ್ತರದ ಮೇವಿನ ಹುಲ್ಲಿನ ತಳಿಗಳೇ. ಎರಡೂ ಬೇಡ. ಮೂರು ಎಕರೆ, ಎರಡು ಹಸು, ಹದಿನೈದು ಕುರಿ ಅಂದಿದ್ದೀರಿ. ಎಂಟು ವರ್ಷದ ಹಿಂದೆ ನನ್ನ ಲೆಕ್ಕವೂ ಹೆಚ್ಚುಕಮ್ಮಿ ಇದೇ.

ನಮ್ಮದು ಹಿರಿಯೂರು ಕಡೆ. ಭಾವನ ತೋಟದಲ್ಲಿ ಆಳೆತ್ತರದ ನೇಪಿಯರ್ ನೋಡಿ ಮರುಳಾದೆ. ಗೂಡ್ಸ್ ಆಟೋ ತುಂಬ ಕಡ್ಡಿ ತಂದು ಒಂದು ಎಕರೆ ನೆಟ್ಟೆ. "ಅದು ಗರಸು ಕಣೋ, ಅಲ್ಲಿ ಹುರುಳಿನೇ ಒಣಗುತ್ತೆ" ಅಂದರು ಅಪ್ಪ. ಗರಸು ಅಂದರೆ ಕಲ್ಲು ಬೆರೆತ ಗಟ್ಟಿ ನೆಲ. ಬೋರ್ ಇದೆಯಲ್ಲ ಅಂದೆ. ಎರಡು ಕೊಯ್ಲು ಭರ್ಜರಿ ಬಂತು. ಜನವರಿಗೆ ಬೋರ್ ಹತ್ತು ನಿಮಿಷ ನೀರು, ಆಮೇಲೆ ಬರೀ ಗಾಳಿ. ಯುಗಾದಿ ಹೊತ್ತಿಗೆ ಹೊಲ ಸುಟ್ಟ ಹಾಗಿತ್ತು.

ಒಂದು ಬುಡ ಕಿತ್ತು ನೋಡಿದೆ. ಗೇಣು ಮಣ್ಣು, ಕೆಳಗೆ ಗರಸು. ಬೇರು ಅದರ ಮೇಲೆ ಚಾಪೆ ಹಾಸಿದ ಹಾಗೆ ಅಡ್ಡಡ್ಡ ಹರಡಿತ್ತು. ನಾನು ಮಣ್ಣಿನ ಬಣ್ಣ ನೋಡಿದ್ದೆ, ಆಳ ನೋಡಿರಲಿಲ್ಲ. ಭಾವನದೂ ಕೆಂಪು, ನಮ್ಮದೂ ಕೆಂಪು, ಮಳೆಯೂ ಒಂದೇ ಅಲ್ವಾ ಅಂದುಕೊಂಡಿದ್ದೆ. ಅವರದು ಕೆರೆ ಕೆಳಗಿನ ಜಮೀನು, ಮೂರಡಿ ಅಗೆದರೂ ಮಣ್ಣೇ. ಆಳದ ಮಣ್ಣು ಬಿದ್ದ ಮಳೆಯನ್ನು ಬಹಳ ದಿನ ಹಿಡಿದಿಡುತ್ತೆ. ಗೇಣು ಮಣ್ಣು ನಾಲ್ಕು ದಿನ ಬಿಸಿಲು ಬಿದ್ದರೆ ಮುಗೀತು. ಗುದ್ದಲಿ ಹಿಡಿದು ಅರ್ಧ ಗಂಟೆ ಗುಂಡಿ ತೋಡಿದ್ದರೆ ಗೊತ್ತಾಗುತ್ತಿತ್ತು. ಅರ್ಧ ಗಂಟೆ! ಕಡ್ಡಿ, ಕೂಲಿ, ಡ್ರಿಪ್ ಪೈಪು ಸೇರಿ ನಲವತ್ತು ಸಾವಿರ ಹೋಯ್ತು. ಆ ಬೇಸಿಗೆ ಒಂದು ಹಸು ಮಾರಿದೆ. ಅಪ್ಪ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಈಗ ಅದೇ ನೆಲದಲ್ಲಿ ಬರ ತಡೆಯುವ ಅಂಜನ್ ಹುಲ್ಲು, ನಡುವೆ ಸ್ಟೈಲೋ ಅನ್ನೋ ಮೇವಿನ ಗಿಡ ಇದೆ. ನೇಪಿಯರ್ ಹಾಗೆ ಟನ್‌ಗಟ್ಟಲೆ ಬರಲ್ಲ, ಸುಳ್ಳು ಹೇಳಲ್ಲ. ಬೇಸಿಗೆಯಲ್ಲಿ ಅಂಜನ್ ಸತ್ತ ಹಾಗೆ ಕಾಣುತ್ತೆ. ಒಂದು ಹದ ಮಳೆ ಬಿದ್ದರೆ ಬುಡದಿಂದ ಚಿಗುರುತ್ತೆ. ಸ್ಟೈಲೋ ಕಾಳು ಬೆಳೆಗಳ ಜಾತಿಯದು, ಮಣ್ಣಿಗೆ ಸಾರಜನಕ ಕೊಡುತ್ತೆ. ಅದರ ಬೀಜದ ಸಿಪ್ಪೆ ಗಟ್ಟಿ. ಕುದಿಯುವ ಮುಂಚಿನ ಬಿಸಿನೀರಲ್ಲಿ ನಾಲ್ಕೈದು ನಿಮಿಷ ಅದ್ದಿ ತೆಗೆಯಿರಿ. ಅಂಜನ್, ಸ್ಟೈಲೋ ಎರಡರ ಬೀಜವನ್ನೂ ಮೇಲುಮೇಲೆ ಬಿತ್ತಿ, ಆಳಕ್ಕೆ ಹೋದರೆ ಮೊಳೆಯಲ್ಲ. ಮೊದಲ ವರ್ಷ ಕುರಿ ಬಿಡಬೇಡಿ, ಬೀಜ ಉದುರಲಿ. ಎರೆ (ಕಪ್ಪು ಮಣ್ಣಿನ) ಭೂಮಿಯವರು ಇದನ್ನು ನೋಡಿ ಸ್ಟೈಲೋ ಹಾಕಬೇಡಿ, ನೀರು ನಿಂತರೆ ಅದು ಕೊಳೆಯುತ್ತೆ.

ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರ ಧಾರವಾಡದಲ್ಲಿದೆ, ಬೀಜಕ್ಕೆ ಅಲ್ಲಿ ವಿಚಾರಿಸಿ. ಹಸುಗೆ ಹಸಿರು ಬೇಕೇ ಬೇಕು ಅಂದರೆ ಬಚ್ಚಲು ನೀರು ಹೋಗುವ ಕಡೆ ನಾಲ್ಕು ಸಾಲು ನೇಪಿಯರ್ ನೆಡಿ. ನಮ್ಮನೆಯಲ್ಲಿ ಈಗ ಅಷ್ಟೇ ಇರೋದು.