ಬಾನೆಟ್‌ಗೆ ವೆಂಟ್ ಹಾಕಿಸಿದರೆ ಎಂಜಿನ್ ತಣ್ಣಗಿರುತ್ತಾ?

ಘಾಟಿ ಹತ್ತುವಾಗ ಜೀಪು ಬಿಸಿಯಾಗುತ್ತೆ, ಬಾನೆಟ್‌ಗೆ ವೆಂಟ್ (ಬಿಸಿ ಗಾಳಿ ಹೊರಹೋಗುವ ಕಿಂಡಿ) ಹಾಕಿಸಲಾ ಅಂತ ಕೇಳಿದ್ದೀರಿ. ಹಾಕಿಸಬಹುದು, ಆದರೆ ಜಾಗ ಮುಖ್ಯ. ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿ ಹೊರಗೆ ಹೋದರೆ ತಾನೆ ಹೊಸ ಗಾಳಿ ಒಳಗೆ ಬರೋದು? ಓಡುವ ಗಾಡಿಯಲ್ಲಿ ಬಾನೆಟ್‌ನ ಮುಂಭಾಗದ ಮೇಲೆ ಗಾಳಿಯ ಒತ್ತಡ ಕಡಿಮೆ. ರೇಡಿಯೇಟರ್‌ನ ಸ್ವಲ್ಪ ಹಿಂದೆ ವೆಂಟ್ ಇದ್ದರೆ ಬಿಸಿ ಗಾಳಿ ಅಲ್ಲಿಂದ ಎಳೆದುಕೊಂಡು ಹೊರಬರುತ್ತದೆ. ಮುಂದಿನ ಗಾಜಿನ ಬುಡದಲ್ಲಿ ಒತ್ತಡ ಜಾಸ್ತಿ. ಅಲ್ಲಿ ಕೊರೆದರೆ ವೇಗದಲ್ಲಿ ಗಾಳಿ ಒಳಗೇ ನುಗ್ಗುತ್ತದೆ. ಸುಬಾರು ಡಬ್ಲ್ಯುಆರ್‌ಎಕ್ಸ್ ಕಾರಿನ ಬಾನೆಟ್ ನೋಡಿ ಮರುಳಾಗಬೇಡಿ, ಅದರ ಮೇಲಿನ ಬಾಯಿ ಬಿಸಿ ಗಾಳಿ ಹೊರಬಿಡಲು ಅಲ್ಲ, ಇಂಟರ್‌ಕೂಲರ್‌ಗೆ (ಟರ್ಬೊದಿಂದ ಎಂಜಿನ್‌ಗೆ ಹೋಗುವ ಗಾಳಿಯನ್ನು ತಣಿಸುವ ಭಾಗ) ಗಾಳಿ ಕೊಡಲು. ಮಳೆನೀರು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ ಬೀಳದಂತೆ ವೆಂಟ್ ಕೆಳಗೊಂದು ತಟ್ಟೆಯೂ ಬೇಕು. ನಾನಾದರೆ ಮೊದಲು ಕೂಲಂಟ್, ಅದರ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್, ಫ್ಯಾನ್, ರೇಡಿಯೇಟರ್‌ಗೆ ಮೆತ್ತಿದ ಕೆಸರು ಇವನ್ನೆಲ್ಲ ನೋಡುತ್ತೇನೆ. ಸುಮ್ನೆ ತಗಡು ಯಾಕೆ ಕೊರೆಸಬೇಕು?