ರಾಯಚೂರು ಕಡೆ ಈಗಲೂ ಸೂಲಗಿತ್ತಿಯರು ಸಿಗುತ್ತಾರಾ? ಮನೆಯಲ್ಲೇ ಹೆರಿಗೆ ಮಾಡಿಸಬಹುದಾ?

ಸಿಂಧನೂರು ಕಡೆಯ ನಿಮ್ಮ ಅತ್ತೆಯವರು ಮಗಳ ಚೊಚ್ಚಲ ಹೆರಿಗೆಯನ್ನು ಮನೆಯಲ್ಲೇ ಮಾಡಿಸೋಣ ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ಸೂಲಗಿತ್ತಿಯರು ಇದ್ದಾರೆ. ಆದರೆ ನನಗೆ ಗೊತ್ತಿರುವವರೆಲ್ಲ ವಯಸ್ಸಾದವರು. ಹೆರಿಗೆ ಬಿಟ್ಟು, ಕೂಸು ಬಾಣಂತಿಗೆ ಎರೆಯಲು ಮಾತ್ರ ಹೋಗುತ್ತಾರೆ. ನಾನು ಈ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್. ನನ್ನ ಅಜ್ಜಿ ಸೂಲಗಿತ್ತಿ. ಎರಡೂ ಕಡೆ ನೋಡಿಯೇ ಹೇಳುತ್ತಿದ್ದೇನೆ, ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ.

ಅಜ್ಜಿಯ ಕೈಗುಣ ಸುಮ್ನೆ ಬಂದದ್ದಲ್ಲ. ಹೊಟ್ಟೆ ಮೇಲೆ ಅಂಗೈ ಇಟ್ಟು ಕೂಸಿನ ತಲೆ ಎಲ್ಲಿದೆ ಅಂತ ಹೇಳುತ್ತಿದ್ದಳು. ಬ್ಯಾನಿ ತಿನ್ನುವವಳನ್ನು ಮಲಗಲು ಬಿಡದೆ ಅಡ್ಡಾಡಿಸುತ್ತಿದ್ದಳು, ಸೊಂಟಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ರಾತ್ರಿಯಿಡೀ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಇದೇ ವಿದ್ಯೆಗೆ.

ಆದರೆ ಹೆರಿಗೆ ಆದ ಮೇಲೆ ರಕ್ತ ನಿಲ್ಲದಿದ್ದರೆ ಅಜ್ಜಿಯ ಹತ್ತಿರ ಔಷಧಿ ಇರಲಿಲ್ಲ. ನಾವು ಕೂಸು ಹೊರಬಂದ ನಿಮಿಷದಲ್ಲೇ ತಾಯಿಗೆ ಆಕ್ಸಿಟೋಸಿನ್ 10 ಯೂನಿಟ್ ಇಂಜೆಕ್ಷನ್ ಕೊಡುತ್ತೇವೆ. ಗರ್ಭಕೋಶ ಬಿಗಿಯುತ್ತದೆ, ರಕ್ತ ಹೋಗುವುದು ಕಡಿಮೆಯಾಗುತ್ತದೆ. ನಮ್ಮ ಭಾಗದ ಎಷ್ಟೋ ಬಸುರಿಯರಿಗೆ ಮೊದಲೇ ರಕ್ತ ಕಡಿಮೆ. ಸ್ವಲ್ಪ ಜಾಸ್ತಿ ಹೋದರೂ ಜೀವಕ್ಕೇ ಬರುತ್ತದೆ. ಹಳ್ಳಿಯಲ್ಲಿ ಗಾಡಿ ಹುಡುಕಿ ಹೊರಡುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-20ಕ್ಕೆ 97 ಆಯಿತು. ಆಶಾ ಕಾರ್ಯಕರ್ತೆಯರು, 2008ರಲ್ಲಿ ಶುರುವಾದ 108 ಆಂಬ್ಯುಲೆನ್ಸ್, ಆಸ್ಪತ್ರೆಯಲ್ಲಿ ಹೆತ್ತವರಿಗೆ ಸರ್ಕಾರ ಕೊಡುವ ಜನನಿ ಸುರಕ್ಷಾ ಹಣ, ಎಲ್ಲ ಸೇರಿ ಆದ ಬದಲಾವಣೆ ಇದು. ನನಗೆ ಈಗ ಚಿಂತೆ ಗುಳೆ ಹೋಗುವ ಹೆಣ್ಣುಮಕ್ಕಳದ್ದು. ಬಸುರಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಊರಲ್ಲೇ ಬಿಟ್ಟು, ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲೇ ಹೆರುವವರಿದ್ದಾರೆ.

ಆಸ್ಪತ್ರೆ ಅಂದರೆ ನಿಮ್ಮ ಅತ್ತೆಯವರಿಗೆ ಇರುವ ಭಯ ಸುಳ್ಳಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತರು. ಆ ಸಿಟ್ಟು ನನಗೂ ಇದೆ. ವಾರ್ಡುಗಳಲ್ಲಿ ಬೈಗುಳವೂ ಉಂಟು, ಒಂಟಿಯಾಗಿ ಮಲಗಿಸುವುದೂ ಉಂಟು. ಅದು ಹೋಗಲೇಬೇಕು. ಆದರೆ ಅದಕ್ಕಾಗಿ ಮನೆಯಲ್ಲಿ ಹೆರುವುದು ಬೇಡ.

ಒಂದು ದಾರಿ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಹೊತ್ತಿಗೆ ಜೊತೆಗೆ ಒಬ್ಬ ಹೆಂಗಸು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಈಗಲೇ ಹೋಗಿ ಡಾಕ್ಟರ್ ಹತ್ತಿರ ಮಾತಾಡಿ, ಅತ್ತೆಯವರನ್ನೇ ಒಳಗೆ ಬಿಡಿಸಿಕೊಳ್ಳಿ. ಸೊಂಟ ತಿಕ್ಕಲಿ, ಅಡ್ಡಾಡಿಸಲಿ, ಧೈರ್ಯ ಹೇಳಲಿ. ಬಿಪಿ ಜಾಸ್ತಿ ಇದ್ದರೆ, ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇದ್ದರೆ ಬ್ಯಾನಿ ಬರುವ ತನಕ ಕಾಯದೆ ರಾಯಚೂರಿನ ಸರ್ಕಾರಿ ದೊಡ್ಡಾಸ್ಪತ್ರೆ ರಿಮ್ಸ್‌ಗೆ ತೋರಿಸಿ. ಅಲ್ಲಿ ರಕ್ತ ಸಿಗುತ್ತದೆ.

ಮನೆಗೆ ಬಂದ ಮೇಲೆ ಎರೆಯಲು ಸೂಲಗಿತ್ತಿ ಅಜ್ಜಿಯನ್ನು ಖಂಡಿತ ಕರೆಸಿ. ಹೊಕ್ಕುಳಿಗೆ ಮಾತ್ರ ಏನೂ ಹಚ್ಚಿಸಬೇಡಿ, ಹೆತ್ತ ಮೇಲೆ ಮೊದಲು ಬರುವ ಗಟ್ಟಿ ಹಾಲನ್ನು ಹಿಂಡಿ ಚೆಲ್ಲಿಸಬೇಡಿ. ಬರೀ ಸೀರೆ ಕುಬುಸ ಕೊಟ್ಟು ಕಳಿಸದೆ ಕೈತುಂಬ ದುಡ್ಡೂ ಕೊಡಿ.