ಕೋತಿಗೆ ಕಾಣುವ ಕೆಂಪು ಮಗನಿಗೇಕೆ ಕಾಣದು?

ಮೂಡಿಗೆರೆ ತೋಟದಲ್ಲಿ ಕೋತಿಗಳು ಕೆಂಪು ಕಾಫಿ ಹಣ್ಣನ್ನೇ ಆರಿಸಿ ತಿನ್ನುತ್ತವೆ, ಮಗನಿಗೆ ಮಾತ್ರ ಕಾಯಿ, ಹಣ್ಣು ಒಂದೇ ಥರ ಕಾಣುತ್ತವೆ, ಯಾಕೆ ಅಂತ ಕೇಳಿದ್ದೀರಿ. ಬಹುಶಃ ವರ್ಣಾಂಧತೆ, ಕಣ್ಣಿನ ಡಾಕ್ಟರಿಗೆ ತೋರಿಸಿ. ಕೆಂಪು, ಹಸಿರು ಬೇರೆ ಮಾಡಿ ತೋರಿಸುವ ಜೀನ್‌ಗಳು ಎಕ್ಸ್ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಇವೆ. ಸುಮಾರು 3 ಕೋಟಿ ವರ್ಷಗಳ ಹಿಂದೆ ಒಂದೇ ಜೀನ್ ಎರಡಾಗಿ ಬಂದವು ಇವು. ನಮಗೂ ನಮ್ಮ ಕಡೆಯ ಕೋತಿಗಳಿಗೂ ಅಲ್ಲಿಂದಲೇ ಬಂದಿವೆ. ಎರಡೂ ತುಂಬಾ ಹೋಲುವುದರಿಂದ ಜೋಡಣೆ ತಪ್ಪಿ ಒಂದು ಕಳೆದುಹೋಗಬಹುದು, ಇಲ್ಲವೇ ಬೆರೆತುಹೋಗಬಹುದು. ಗಂಡುಮಕ್ಕಳಿಗೆ ಇರುವುದೇ ಒಂದು ಎಕ್ಸ್, ಬದಲಿ ಇಲ್ಲ. ನಮ್ಮ ಕೋತಿಗಳಲ್ಲಿ ಇದು ಅಪರೂಪ. ಆದರೆ ಕೋಸ್ಟರಿಕಾದ ಕಪುಚಿನ್ ಕೋತಿಗಳಲ್ಲಿ ಗಂಡುಗಳೆಲ್ಲ ಹೀಗೇ, ಎಲೆಯ ಬಣ್ಣದಲ್ಲೇ ಅಡಗಿದ ಹುಳ ಹಿಡಿಯುವುದರಲ್ಲಿ ಇಂಥ ಕಣ್ಣಿನವೇ ಮುಂದು! ಹುಡುಗನನ್ನು ದಯವಿಟ್ಟು ಬೈಬೇಡಿ. ಒತ್ತಿ ನೋಡಲು ಹೇಳಿಕೊಡಿ, ಮಾಗಿದ ಹಣ್ಣಾದರೆ ಬೀಜ ಸುಲಭವಾಗಿ ಹೊರಬರುತ್ತದೆ.